ಬಂಪರಿನೊಳಗಿನ ಹೆಂಗಸು

ನನ್ನ ನೆಗೆಣ್ಣಿಗೆ ಯಾವ ದೆವ್ವಾನೂ ಬಡಿದಿದ್ದಿಲ್ಲ. ಆಕಿ ತನ್ನ ಮಾರಿ ತಾನ ನೋಡಿ ಅಂಜಿದ್ಲು, ಅಷ್ಟ. ಗಡಹಿಂಗ್ಲಜದಾಗ ನಮ್ಮ ಓಣಿ ಮಂದಿ ಇವತ್ತಿಗೂ ಬ್ಯಾರೆ ಹೇಳತಾರ. ಹೇಳೋರು ಯಾರೂ ಆ ಹೊತ್ತಿನ್ಯಾಗ ಅಲ್ಲಿ ಇದ್ದಿಲ್ಲ. ನಾ ಇದ್ದೆ.

ನೆಗೆಣ್ಣಿ ಅಂದ್ರ ನನ್ನ ಮೈದುನನ ಹೆಂಡತಿ. ಮೈದುನ ಇಚಲಕರಂಜಿಯೊಳಗ ಮಗ್ಗದ ಶೆಡ್ಡಿನ್ಯಾಗ ಕೆಲಸಕ್ಕ ಇದ್ದ. ಜ್ವರ ಹೊತಗೊಂಡು ಮನಿಗೆ ಬಂದ, ಹಾಸಿಗಿ ಹಿಡಿದ, ಹೋದ. ಆಕಿಗೆ ಆವಾಗ ಇಪ್ಪತ್ತು ದಾಟಿತ್ತೋ ಇಲ್ಲೋ. ಮಕ್ಕಳು ಇದ್ದಿಲ್ಲ. ತವರು ಉತ್ತೂರು; ಆಕಿ ಸಣ್ಣಾಕಿ ಇದ್ದಾಗನ ಹಡದವ್ವ ತೀರಿಕೊಂಡು, ಮನ್ಯಾಗ ಮಲತಾಯಿ ಬಂದಿದ್ಲು. ಹಿಂಗಾಗಿ ನಮ್ಮಲ್ಲೇ ಉಳದ್ಲು.

ಮೈದುನನ ಮಣ್ಣು ಮಾಡಿದ ಮ್ಯಾಲೆ ನಮ್ಮತ್ತಿ ಗ್ವಾಡಿಗಿದ್ದ ಕನ್ನಡಿ ತಗದು ಜೋಳದ ಕಣಜದ ಹಿಂದ ಇಟ್ಟುಬಿಟ್ಲು. "ಈಬತ್ತಿ ಹಚಗೊಳ್ಳಾಕ ಕನ್ನಡಿ ಯಾಕ ಬೇಕು?" ಅಂದ್ಲು. ನಮ್ಮ ಮಂದ್ಯಾಗ ಹಂಗ ಯಾವ ಪದ್ಧತಿನೂ ಇಲ್ಲ, ಅದು ನಮ್ಮತ್ತಿನ ಹುಟ್ಟಿಸಿದ್ದು.

"ಮತ್ತ ನನ್ನ ಕುಂಕುಮಕ್ಕರಿ ಅತ್ತಿ?" ಅಂತ ಕೇಳಿದೆ.

"ನಿನ್ನ ಹಣಿ ಎಲ್ಲೈತಿ ಅಂತ ನಿನಗ ಗೊತ್ತಿಲ್ಲೇನ?"

ಹುಬ್ಬಿನ ನಡುವ ಬೆರಳಿಟ್ಟು ನೋಡಿ ಕುಂಕುಮ ಹಚಗೊಳ್ಳಾಕ ಕಲತೆ. ಹಂಗ ಎರಡು ಸುಗ್ಗಿ ಹೋದ್ವು. ಮನ್ಯಾಗ ಮೂರು ಮಂದಿ ಹೆಂಗಸರು, ಒಬ್ಬರ ಮಾರಿ ಇನ್ನೊಬ್ಬರು ನೋಡೂದು. ತನ್ನ ಮಾರಿ ಯಾರಿಗೂ ಗೊತ್ತಿಲ್ಲ.

ನಮ್ಮನಿಯವರದು ಪತ್ರಾ ಕೆಲಸ. ಕೊಲ್ಲಾಪುರದ ಗ್ಯಾರೇಜಿನ್ಯಾಗ ಕಲತು ಬಂದು, ಮನಿ ಮುಂದ ತಗಡಿನ ಶೆಡ್ ಹಾಕಿ, ಲಾರಿ ಬಾಗಲಾ, ಜೀಪಿನ ಮಡಗಾರ್ಡು ಬಡದು ಸಪಾಟ ಮಾಡತಿದ್ರು. ಅಲ್ಲಿಗೆ ಬೆಲ್ಲದ ಸಾಹುಕಾರನ ಮಗ ಒಂದು ಗಾಡಿ ತಂದ. ಕೆಂಪಂದು, ಇಬ್ಬರ ಅಷ್ಟ ಕೂಡೂದು, ತಲಿ ಮ್ಯಾಲ ಚಾವಣಿ ಇಲ್ಲ. ಶರ್ಯತ್ತಿನ ಗಾಡಿ ಅಂತ, ರೇಸ್ ಓಡೂದು. ಕೊಲ್ಲಾಪುರದಾಗ ಯಾರೋ ದೊಡ್ಡವರು ಸಾಕಾಗೂತನಾ ಓಡಿಸಿ ಮಾರಿದ್ದು. ನನ್ನ ಲಗ್ನಕ್ಕಿಂತ ಹಳೇದು.

ಅದರ ಮಾರಿಗೆ ಒಂದು ದಪ್ಪನ್ನ ಬಂಪರ್, ಬಂಪರಿನ ಮ್ಯಾಲ ಎರಡು ಕೋಡು. ಆ ಹುಡುಗಗ ಅದು ಬ್ಯಾಡಾಗಿತ್ತು.

"ಕಾಕಾ, ಈ ಕೋಡು ಕೊಯ್ದು ಹಾಕ್ರಿ. ನಡುವಿಂದೂ ತಗೀರಿ. ಆಚೆ ಮೂಲಿಗೊಂದು ತುಂಡು, ಈಚೆ ಮೂಲಿಗೊಂದು ತುಂಡು. ಮೀಸಿ ಇದ್ದಂಗ ಇರಬೇಕು."

"ತಮ್ಮಾ, ಬಂಪರ್ ಇರೂದು ಧಕ್ಕಿ ತಿನ್ನಾಕ. ಎಮ್ಮಿ ಅಡ್ಡ ಬಂದ್ರ ಏನ ಮಾಡ್ತಿ?"

"ಹಾರ್ನ್ ಹೊಡೀತೇನ್ರಿ. ಗಾಡಿ ಚಂದ ಕಾಣಬೇಕ್ರಿ, ಮುಗೀತು."

"ನಿನಗ ಇನ್ನೂ ಮೀಸಿ ಬಂದಿಲ್ಲ, ಗಾಡಿಗೆ ಬೇಕಾಗ್ಯಾವೇನ?" ಅಂದೆ ನಾ ಒಳಗಿಂದ. ಆಂವ ನಕ್ಕ. ಚೊಲೋ ಹುಡುಗನ, ತಲಿ ಅಷ್ಟ ಹಗರ.

ನಮ್ಮನಿಯವರು ಅದನ್ನ ಕೊಯ್ದು, ಕಾಯಿಸಿ ತುದಿ ಬಾಗಿಸಿ, ಮೈ ಉಬ್ಬಿಸಿ, ತಿಕ್ಕಿ ತಿಕ್ಕಿ ನುಣ್ಣಗ ಮಾಡಿದ್ರು. ಹೊಳಪಿನ ಕ್ರೋಮ್ ಲೇಪ ಹಾಕಸಾಕ ಕೊಲ್ಲಾಪುರಕ್ಕ ಒಯ್ದ್ರು. ತಿರುಗಿ ಬರಬೇಕಾದ್ರ ಎರಡೂ ತುಂಡು ಗೋಣಿಚೀಲದಾಗ ಸುತ್ತಿ ಎಸ್ಟಿ ಬಸ್ಸಿನ ಟಪ್ಪಿನ ಮ್ಯಾಲ ಹಾಕಿ ತಂದ್ರು. ಚೀಲ ಬಿಚ್ಚಿ ಶೆಡ್ಡಿನ ಗ್ವಾಡಿಗೆ ನೆಟ್ಟಗ ನಿಂದ್ರಿಸಿ, ಬೋಲ್ಟ ತರಾಕ ಪ್ಯಾಟಿಗೆ ಹೋದ್ರು. ಬಿಸಿಲು ಶೆಡ್ಡಿನೊಳಗ ಬಂದಿತ್ತು.

ನಾ ರೊಟ್ಟಿ ಬಡೀತಿದ್ದೆ. ನೆಗೆಣ್ಣಿ ಶೆಡ್ ಕಸಾ ಹೊಡಿಯಾಕ ಹೋಗಿದ್ಲು. ಕಸಬರಿಗಿ ಸಪ್ಪಳ ನಿಂತಿತು. ಆಕಿ ಚೀರಿದ್ಲು ಅಂತ ಓಣ್ಯಾಗ ಹೇಳತಾರ. ಸುಳ್ಳು. ಚೀರಿದ್ದಿಲ್ಲ. ಮೆಲ್ಲಕ ಮಾತಾಡಾಕತ್ತಿದ್ಲು, ಅದಕ್ಕ ನಾ ಎದ್ದು ಹೋದೆ.

"ಅವ್ವಾ, ಯಾವಾಗ ಬಂದಿ?" ಅನ್ನಾಕತ್ತಿದ್ಲು. ಬಂಪರಿನ ಮುಂದ ಕುಕ್ಕರಗಾಲಿಲೆ ಕುಂತಿದ್ಲು.

"ಯಾರ ಕೂಡ ಮಾತಾಡಾಕತ್ತೀ?"

"ನಮ್ಮವ್ವ ಬಂದಾಳ್ರಿ ಅಕ್ಕಾ. ಇದರಾಗ ಅದಾಳ. ಭಾಳ ಸೊರಗ್ಯಾಳ."

ನಾ ಬಗ್ಗಿದೆ. ಹೊಳಪಿನೊಳಗ ಒಬ್ಬಾಕಿ ಹೆಂಗಸು, ಉದ್ದನ್ನ ಮಾರಿ, ಗಲ್ಲ ಒಳಗ ಹೋಗ್ಯಾವು, ಹಣಿಗೆ ಈಬತ್ತಿ. ನೋಡುನೋಡುತ್ಲೇ ಆಕಿ ಹಿಂದ ಇನ್ನೊಬ್ಬಾಕಿ ಬಂದು ನಿಂತ್ಲು. ಸೊಟ್ಟ ಕುಂಕುಮದಾಕಿ. ಆಕಿ ನನ್ನ ನೋಡಾಕತ್ತಿದ್ಲು. ಯಾರಿವಳು, ನಮ್ಮ ಮನಿ ಶೆಡ್ಡಿನ್ಯಾಗ ಯಾಕ ಬಂದಾಳ ಅನಿಸಿತು ನನಗ. ಆಮ್ಯಾಲ ನಾ ಸೆರಗಿಗೆ ಕೈ ಹಾಕಿದೆ, ಆಕಿನೂ ಹಾಕಿದ್ಲು. ಆವಾಗ ತಿಳೀತು. ಅಷ್ಟು ಹೊತ್ತು ನನ್ನ ಮಾರಿ ನನಗ ಗುರುತು ಸಿಕ್ಕಿದ್ದಿಲ್ಲ. ಕೈಗೆ ಹತ್ತಿದ ಹಿಟ್ಟು ಹಂಗ ಒಣಗಿತು.

ಬಾಗಲದಾಗ ನಮ್ಮತ್ತಿ ನಿಂತಿದ್ಲು. "ಅವ್ವ ಬಂದಾಳ" ಅನ್ನೂ ಮಾತು ಕೇಳಿಬಿಟ್ಟಿದ್ಲು. ಊಟದ ಹೊತ್ತಿಗೆ ಓಣಿಗೆಲ್ಲಾ ಗೊತ್ತಾತು, ಸತ್ತಾಕಿ ಮಗಳನ್ನ ಕರಕೊಂಡು ಹೋಗಾಕ ಬಂದಾಳ ಅಂತ. ಮರುದಿನ ಅಮಾಸಿ. ದೆವ್ವ ಬಿಡಸಾಂವನ ಕಡೆ ಒಯ್ಯೂದು ಅಂತ ನಮ್ಮತ್ತಿ ನಿಕ್ಕಿ ಮಾಡಿದ್ಲು. ಆಂವ ಕೂದಲಾ ಹಿಡಿದು ಹುಣಸಿ ಬರಲಿಲೆ ಹೊಡೀತಿದ್ದ, ದೆವ್ವ ಹೆಸರು ಹೇಳೂತನಾ ಬಿಡತಿದ್ದಿಲ್ಲ. ನಮ್ಮ ಬಾಜು ಮನಿ ಸೊಸಿನ್ನ ಹಂಗ ಒಯ್ದಿದ್ರು. ಕೈ ಮುರಕೊಂಡು ಬಂದ್ಲು, ಆಮ್ಯಾಲ ಬಾಯಿ ಬಿಡಲಿಲ್ಲ. ನೆಗೆಣ್ಣಿ ಮೈಯಾಗ ಅಂಥಾ ಏಟು ತಿನ್ನೂವಷ್ಟು ಕಸುವು ಇದ್ದಿಲ್ಲ. ಒಯ್ದ್ರ ತಿರುಗಿ ಬರೂದಿಲ್ಲ ಅಂತ ನನಗ ಗೊತ್ತಿತ್ತು.

ಪ್ಯಾಟಿಯಿಂದ ಬಂದ ನಮ್ಮನಿಯವರಿಗೆ ಹೇಳಿದೆ. ತಲಿ ಕೆರಕೊಂಡ್ರು. "ಅವ್ವಗ ಎದರ ನಾ ಹೆಂಗ ಮಾತಾಡ್ಲಿ?" ಅಂದ್ರು. ಕಬ್ಬಿಣ ಬಾಗಸತಿದ್ರು, ಅವ್ವನ ಮುಂದ ತಾವ ಬಾಗತಿದ್ರು.

ನಾನ ಬಂಪರಿನ ಒಂದು ತುಂಡು ಎತಗೊಂಡು ಬಂದು ನಮ್ಮತ್ತಿ ಮುಂದ ಅಡ್ಡ ಹಿಡಿದೆ. ನಿಂದ್ರಿಸಿದ್ರ ಮಾರಿ ಉದ್ದ ಕಾಣತಿತ್ತು, ಅಡ್ಡ ಹಿಡಿದ್ರ ರೊಟ್ಟಿ ಹಂಗ ಅಗಲ.

"ನೋಡ್ರಿ ಅತ್ತಿ. ಯಾರು ಕಾಣತಾರ?"

ನಮ್ಮತ್ತಿ ನೋಡಿದ್ಲು. ಗಲ್ಲ ಮುಟಗೊಂಡ್ಲು. "ಏ, ನಾ ಇಷ್ಟ ದಪ್ಪ ಇಲ್ಲ."

"ಹೌದ್ರಿ, ಆಕಿನೂ ಅಷ್ಟ ಸೊರಗಿಲ್ಲ. ಇದು ಮಾರಿ ಎಳಿಯೂ ತಗಡು. ದೆವ್ವಿಲ್ಲ, ಏನಿಲ್ಲ."

ಕಣಜದ ಹಿಂದಿನ ಕನ್ನಡಿ ತಗದು, ಧೂಳ ಒರಸಿ, ನೆಗೆಣ್ಣಿ ಮುಂದ ಹಿಡಿದೆ. ಖರೇ ಮಾರಿ ನೋಡಿದ್ರ ನಗತಾಳ ಅಂತ ತಿಳದಿದ್ದೆ. ಆಕಿ ಭಾಳ ಹೊತ್ತು ನೋಡಿದ್ಲು. ಕಿವಿ ಮ್ಯಾಲಿನ ಬಿಳಿ ಕೂದಲಾ ಎಳದು ನೋಡಿದ್ಲು. ನಾನೂ ಆವಾಗನ ನೋಡಿದ್ದು ಅದನ್ನ. ದಿನಾ ಎದರ ಕುಂತು ಉಣ್ಣೂವಾಕಿ ನಾ, ಕಂಡಿದ್ದಿಲ್ಲ.

"ಇದರಾಗೂ ನಮ್ಮವ್ವನ ಅದಾಳ್ರಿ," ಅಂದ್ಲು. "ಸಾಯೂ ಮುಂದ ಹಿಂಗ ಇದ್ಲು."

ನಾ ಕನ್ನಡಿ ಕೆಳಗ ಇಳಿಸಿದೆ.

"ದೆವ್ವ ಆಗಿದ್ರ ಬಿಡಸಾಕ ಬರತಿತ್ತು. ಇದನ್ನ ಯಾರು ಬಿಡಸತಾರ್ರಿ ಅಕ್ಕಾ?"

ಅದಕ್ಕ ಉತ್ತರ ನಮ್ಮತ್ತಿ ಕಡೆ ಇತ್ತು. "ಕೇಳಿದೇನ? ತನ್ನ ಬಾಯಿಲೆ ತಾನ ಒಪಗೊಂಡ್ಲು! ಅವ್ವ ಮೈಯಾಗ ಹೊಕ್ಕಾಳ!" ಅಂತ ಲಿಂಬಿಹಣ್ಣು, ತೆಂಗಿನಕಾಯಿ ಗಂಟು ಕಟ್ಟಾಕ ಕುಂತ್ಲು. ಕನ್ನಡಿ ತಗದು ನಾ ಕೆಲಸಾ ಕೆಡಿಸಿದ್ದೆ.

ಸಂಜಿಮುಂದ ಸಾಹುಕಾರನ ಮಗ ಬಂದ. ಎರಡೂ ತುಂಡು ಗಾಡಿಗೆ ಕುಂಡ್ರಿಸಿದ್ರು. "ಅಗದಿ ಛಾನ್ ಝಾಲಾ, ಭಾಳ ಚಂದ ಆತು ಕಾಕಾ!" ಅಂತ ಅಂಗಿ ತೋಳಿಲೆ ಒರಸಿ ಒರಸಿ ನೋಡಿದ. ನಾನೂ ನೆಗೆಣ್ಣಿನೂ ಕಟ್ಟಿ ಮ್ಯಾಲ ನಿಂತಿದ್ವಿ. ಗಾಡಿ ಹಿಂದಕ್ಕ ಸರಿದು, ನಮ್ಮ ಕಡೆ ಮಾರಿ ಮಾಡಿತು. ಬಂಪರಿನ ಆಚೆ ಮೂಲ್ಯಾಗ ಒಬ್ಬಾಕಿ, ಈಚೆ ಮೂಲ್ಯಾಗ ಒಬ್ಬಾಕಿ. ಸಣ್ಣ ಆಗಕೋತ ಹೋಗಿ, ಗಾಡಿ ಹೊರಳಿದ ಕೂಡ್ಲೇ ಇಬ್ಬರೂ ಕಾಣದಾದ್ರು.

"ಹೋದ್ರು," ಅಂದ್ಲು ನೆಗೆಣ್ಣಿ. "ನಮ್ಮವ್ವ ಹೋದ್ಲು. ನೀವೂ ಆಕಿ ಕೂಡ ಹೋದ್ರಿ."

"ಹುಚ್ಚಿ, ನಾ ಇಲ್ಲೇ ಅದೇನಿ," ಅಂದೆ. ಆಕಿ ಕೈ ಹಿಡಿದೆ, ತಣ್ಣಗಿತ್ತು. ಹೊಳಿಯೂ ಗಾಡಿ ನಿಂತಿದ್ರ ಅದರ ಮುಂದ ನಾ ಇವತ್ತಿಗೂ ಹಾದು ಹೋಗೂದಿಲ್ಲ. ದೆವ್ವದ ಅಂಜಿಕಿ ಅಲ್ಲ. ಅದರಾಗ ಯಾರು ನಿಂತಿರತಾರೋ, ಅದು.

ಮರುದಿನ ಮುಂಜಾನೆ ನಮ್ಮತ್ತಿ ಮಠಕ್ಕ ಕಾಯಿ ಒಡಸಾಕ ಹೋದ್ಲು. ನಾ ನೆಗೆಣ್ಣಿ ತಲಿಗೆ ಎಣ್ಣಿ ಹಚ್ಚಿ ಬಾಚಿದೆ, ಎರಡು ಸೀರಿ ಗಂಟು ಕಟ್ಟಿ ಕಂಕಳಾಗ ಕೊಟ್ಟೆ, ಒಲಿ ಮ್ಯಾಲಿನ ಬ್ಯಾಳಿ ಇಳಿಸಿ ಮುಚ್ಚಿಟ್ಟೆ. ಎಸ್ಟಿ ಸ್ಟ್ಯಾಂಡಿಗೆ ಕರಕೊಂಡು ಹೋಗಿ ಇಚಲಕರಂಜಿ ಬಸ್ಸಿಗೆ ಹತ್ತಿಸಿ ನಾನೂ ಹತ್ತಿದೆ. ಇಚಲಕರಂಜಿ ಬಾಜುಕ ಕೊರೋಚ್ಯಾಗ ನನ್ನ ತಂಗಿ ಮಗ್ಗದವರಿಗೆ ನೂಲಿನ ಕಂಡಿಕಿ ಸುತ್ತತಿದ್ಲು. ಆಕಿ ಮಗ್ಗಲಿಗೆ ಇವಳನ್ನ ಕುಂಡ್ರಿಸಿ, ನೂಲಿನ ತುದಿ ಕೈಯಾಗ ಕೊಟ್ಟು, "ಸುತ್ತು" ಅಂದೆ.