ಪರಸ್ಥಾನಕ್ಕೆ ಹೋದ ಹಾಲ್ ಟಿಕೆಟ್

ನಮ್ಮೂರಿನಲ್ಲಿ ಓದುವವನಿಗೆ ಅಡ್ಡಿ ಮಾಡುವವರು ಯಾರೂ ಇಲ್ಲ. ಎಲ್ಲರೂ ಸಹಾಯವನ್ನೇ ಮಾಡುತ್ತಾರೆ. ಅದೇ ಕಷ್ಟ.

ಊರಿನ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಆಮೇಲೆ ಹುಲ್ಲಹಳ್ಳಿಗೆ ಹೋಗಬೇಕು. ನನ್ನ ಕಾಲಕ್ಕೆ ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗೇ ಓದು ಬಿಟ್ಟುಹೋಯಿತು. ಹಾಲಿನ ಡೈರಿಯಲ್ಲಿ ಕ್ಯಾನು ಎತ್ತಿಕೊಂಡಿದ್ದವನು ನಲವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿಗೆ ಕಟ್ಟಿದೆ. ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಟೆಸ್ಟರ್ ಕೆಲಸ ಖಾಲಿಯಿತ್ತು, ಅದಕ್ಕೆ ಹತ್ತನೇ ತರಗತಿ ಪಾಸಾಗಿರಬೇಕಿತ್ತು. ಬೇರೆಲ್ಲ ವಿಷಯ ದಾಟಿದೆ, ಗಣಿತ ಎರಡು ಸಲ ಹೋಯಿತು. ಭಾನುವಾರ ಬನ್ನಿ, ಹೇಳಿಕೊಡುತ್ತೇನೆ ಎಂದ ಹೈಸ್ಕೂಲಿನ ಗಣಿತದ ಮೇಷ್ಟ್ರಿಗೆ ಭಾನುವಾರವೂ ಸರ್ಕಾರ ಏನಾದರೊಂದು ಡ್ಯೂಟಿ ಹಾಕುತ್ತಿತ್ತು. ಈ ಸಲವೂ ಹೋದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಡೈರಿ ಸೆಕ್ರೆಟರಿ ಹೇಳಿಬಿಟ್ಟಿದ್ದರು.

ಗಣಿತದ ಪರೀಕ್ಷೆ ಸೋಮವಾರ, ನಂಜನಗೂಡಿನಲ್ಲಿ. ನಾನು ಹತ್ತಬೇಕಾದ ಬಸ್ಸು ಸರಿಯಾಗಿ ರಾಹುಕಾಲಕ್ಕೇ ಬರುತ್ತಿತ್ತು. ನನ್ನ ಹೆಂಡತಿ ಅದಕ್ಕೆ ಪರಿಹಾರ ಹುಡುಕಿದಳು. ಹಿಂದಿನ ಸಂಜೆಯೇ ಒಳ್ಳೆಯ ಗಳಿಗೆ ನೋಡಿ, ಪೆನ್ನು, ಹಾಲ್ ಟಿಕೆಟ್ ಇದ್ದ ನನ್ನ ಬ್ಯಾಗನ್ನು ಎದುರು ಮನೆ ದೊಡ್ಡಮ್ಮನ ಹತ್ತಿರ ಇಟ್ಟು ಬಂದಳು. ಇದಕ್ಕೆ ಪರಸ್ಥಾನ ಎನ್ನುತ್ತಾರೆ. ಸಾಮಾನು ಮನೆ ಬಿಟ್ಟರೆ ಮನುಷ್ಯನೂ ಹೊರಟ ಲೆಕ್ಕ.

ಬೆಳಿಗ್ಗೆ ನೋಡಿದರೆ ಎದುರು ಮನೆಗೆ ಬೀಗ. ಫೋನು ಮಾಡಿದೆ.

"ದೊಡ್ಡಮ್ಮ, ಎಲ್ಲಿದ್ದೀಯಮ್ಮ?"

"ನಂಜನಗೂಡಲ್ಲಿವ್ನಿ ಕಣ್ ಮಗ. ದೇವಸ್ಥಾನದ ಕ್ಯೂನಲ್ಲಿ."

"ನನ್ನ ಬ್ಯಾಗು?"

"ಕಂಕುಳಲ್ಲೇ ಅದೆ. ಸ್ವಾಮಿ ಪಾದಕ್ಕೆ ಮುಟ್ಟಿಸ್ಕೊಡ್ತೀನಿ. ನೀ ನಿಧಾನಕ್ಕೆ ಬಾ."

"ನಿಧಾನಕ್ಕಾ? ಪರೀಕ್ಷೆ ಕಣಮ್ಮ ಇವತ್ತು!"

"ಗೊತ್ತು ಕಣ್ಲಾ, ಅದಕ್ಕೇ ತಂದಿರದು. ಎರಡ್ ಸಲ ಅಂಗೇ ಓಗಿ ಏನ್ ಕಿಸ್ದೆ?"

ಹೆಂಡತಿಯ ಮುಖ ನೋಡಿದೆ. "ಸಾಮಾನು ಆಗ್ಲೇ ಊರು ಸೇರ್ಕಂಡದೆ, ಇನ್ನು ನಿಮಗ್ಯಾವ ರಾವುಕಾಲ? ಓಗಿ" ಎಂದಳು.

ಬಸ್ಸಿನ ಕಂಡಕ್ಟರಿಗೆ ನಾನು ಗೊತ್ತು. "ಏನಣ್ಣ, ಕೈ ಬೀಸ್ಕೊಂಡು ಹೊಂಟಿದ್ದೀಯ? ಪರೀಕ್ಷೆಗಾ, ಬೀಗರೂಟಕ್ಕಾ?" ಎಂದ. ನಾನು ಟಿಕೆಟ್ಟಿಗೆ ಚಿಲ್ಲರೆ ಕೊಟ್ಟೆ. ಬಾಯಿಪಾಠ ಮಾಡಿದ್ದ ಸೂತ್ರಗಳು ಒಂದೊಂದಾಗಿ ಮರೆತುಹೋಗುತ್ತಿದ್ದವು.

ದೇವಸ್ಥಾನಕ್ಕೆ ಓಡಿದೆ. ಸೋಮವಾರದ ಜನ. ದೊಡ್ಡಮ್ಮ ಸಾಲಿನ ನಡುವೆ ಬ್ಯಾಗು ಅಪ್ಪಿಕೊಂಡು ನಿಂತಿದ್ದಳು.

"ಕೊಡಮ್ಮ, ಪರೀಕ್ಷೆ ಬೆಲ್ ಹೊಡೀತಾರೆ!"

"ಸಾಲಿಂದ ಅರ್ಧಕ್ಕೇ ತಕ್ಕೊಂಡೋದ್ರೆ ದೋಸ ಕಣ್ಲಾ. ಸುಮ್ಕಿರು."

ನಾನು ಒಂದು ಕಡೆಯಿಂದ ಎಳೆದೆ, ಅವಳು ಇನ್ನೊಂದು ಕಡೆಯಿಂದ. ಮುಂದೆ ನಿಂತಿದ್ದ ಯಜಮಾನರೊಬ್ಬರು ತಿರುಗಿ ನೋಡಿದರು. "ಮಗನ ಪರೀಕ್ಷೆಯಾ?"

"ನಂದೇ, ಸಾ."

ಸಾಲಿಗೆ ಸಾಲೇ ನಕ್ಕಿತು. ನಗುತ್ತಲೇ ದಾರಿಯನ್ನೂ ಬಿಟ್ಟರು. ಬ್ಯಾಗು ಒಳಗೆ ಹೋಗಿ, ಹಾಲ್ ಟಿಕೆಟ್ಟಿನ ಸಮೇತ ವಿಭೂತಿ ಕುಂಕುಮ ಬಳಿಸಿಕೊಂಡು ಹೊರಗೆ ಬಂತು. ಕಸಿದುಕೊಂಡು ಓಡಿದೆ.

ಪ್ರಶ್ನೆಪತ್ರಿಕೆ ಆಗಲೇ ಕೊಟ್ಟಾಗಿತ್ತು. ಹಾಲ್ ಟಿಕೆಟ್ಟಿನ ಫೋಟೋದಲ್ಲಿ ನನ್ನ ಅರ್ಧ ಮುಖ ಕುಂಕುಮ. ಕೊಠಡಿಯ ಮೇಡಂ ಬೆರಳಲ್ಲಿ ಒರೆಸಿ ನೋಡಿ, "ನೀವೇನಾ?" ಎಂದರು. "ಹೂಂ ಮೇಡಂ" ಎಂದು ಕೂತೆ. ಮೊದಲ ಲೆಕ್ಕವನ್ನು ಮೂರು ಸಲ ಓದಿದರೂ ತಲೆಗೆ ಹೋಗಲಿಲ್ಲ. ಅದನ್ನು ಬಿಟ್ಟು ಕೊನೆಯ ಪುಟದ ಪ್ರಮೇಯದಿಂದ ಶುರು ಮಾಡಿದೆ. ತಿಂಗಳುಗಟ್ಟಲೆ ಕ್ಯಾನು ತೊಳೆಯುವಾಗ ಮನಸ್ಸಿನಲ್ಲೇ ಗೆರೆ ಎಳೆದು ಕಲಿತದ್ದು ಅದು. ಕೈ ತಾನಾಗಿ ಬರೆಯಿತು.

ಪಾಸಾದೆ. ಬರೀ ಪಾಸು, ಅಷ್ಟೇ. ಟೆಸ್ಟರ್ ಕೆಲಸ ಸಿಕ್ಕಿತು.

ಈಗ ಪರೀಕ್ಷೆ ಹತ್ತಿರ ಬಂದರೆ ಊರಿನ ತಾಯಂದಿರೆಲ್ಲ ಮಕ್ಕಳ ಹಾಲ್ ಟಿಕೆಟ್ ಹಿಡಿದು ದೊಡ್ಡಮ್ಮನ ಮನೆಗೆ ಹೋಗುತ್ತಾರೆ. ಹೈಸ್ಕೂಲಿಗೆ ಗಣಿತದ ಮೇಷ್ಟ್ರು ಬಂದರೋ ಇಲ್ಲವೋ ಎಂದು ಕೇಳುವವರಿಲ್ಲ. ಮೊನ್ನೆ ಡೈರಿಗೆ ಹಾಲು ತಂದ ಅಕ್ಕನೊಬ್ಬಳು, ತನ್ನ ಮಗನ ಹಾಲ್ ಟಿಕೆಟ್ಟನ್ನೂ ನಂಜನಗೂಡಿಗೆ ತೆಗೆದುಕೊಂಡು ಹೋಗಲು ದೊಡ್ಡಮ್ಮನಿಗೆ ಹೇಳು ಎಂದು ನನಗೇ ಗಂಟುಬಿದ್ದಳು.

"ನಾನು ಓದಿ ಪಾಸಾಗಿದ್ದು ಕಣಕ್ಕ" ಎಂದೆ.

"ನೀ ಓದಿದ್ದೆ ಬುಡಪ್ಪ" ಎಂದಳು ಅವಳು. "ಮೊದಲೆರಡು ಸಲವೂ ಓದಿದ್ದೆ."