ಜೋಳಕ್ಕಿರುವ ಮರ್ಯಾದೆ

ಜಗಳೂರು ರಸ್ತೆಯಲ್ಲಿ ದಿನವೂ ಕಾರು ಓಡಿಸುವ ಗುರುಬಸವರಾಜ್ ಅವರಿಗೆ ಸೈಕಲ್ ಕಂಡರೆ ಸಾಕು, ಹಾರ್ನ್ ಮೇಲಿಟ್ಟ ಕೈ ಏಳುವುದಿಲ್ಲ. ಗಾಜಿಳಿಸಿ, "ಏಯ್, ಸೈಡಿಗೆ ಹೋಗಾಕೆ ಏನು ಧಾಡಿ ನಿಂಗೆ?" ಎಂದು ಗದರುತ್ತಾರೆ. ಸೈಡಾದರೂ ಎಲ್ಲಿದೆ? ಅಲ್ಲಿ ಊರವರು ಮೆಕ್ಕೆಜೋಳ ಒಣಹಾಕಿ, ಸುತ್ತ ಕಲ್ಲಿಟ್ಟಿರುತ್ತಾರೆ. ಆ ಜೋಳಕ್ಕೆ ಮಾತ್ರ ಈ ಮಹಾನುಭಾವರು ಬ್ರೇಕ್ ಒತ್ತುತ್ತಾರೆ, ಒಂದು ಕಾಳೂ ಚಕ್ರಕ್ಕೆ ಸಿಗದಂತೆ ಮಾರು ದೂರ ಸರಿದು ಹೋಗುತ್ತಾರೆ. ಸೈಕಲ್ಲಿಗೆ ಗೇಣು ಜಾಗವನ್ನೂ ಬಿಡುವುದಿಲ್ಲ. ಮೊನ್ನೆ ಇವರ ಕಾರಿನ ಕನ್ನಡಿ ತಗುಲಿ, ಟಪಾಲು ಹಂಚುವ ಶಿವಮೂರ್ತಪ್ಪ ಸೈಕಲ್ ಸಮೇತ ಜೋಳದ ಮೇಲೆಯೇ ಬಿದ್ದರು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಗುರುಬಸವರಾಜ್ ಕಾರಿನಿಂದಿಳಿದು ಓಡೋಡಿ ಬಂದರು, ಬಿದ್ದವರನ್ನು ದಾಟಿಕೊಂಡು ಹೋಗಿ, ಜೋಳ ಕಾಯುತ್ತಿದ್ದ ಕಸ್ತೂರಮ್ಮನಿಗೆ ಕೈಮುಗಿದರು: "ತಪ್ಪಾತು ಕಣವ್ವ, ನಿಮ್ಮ ಜೋಳ ಚೆಲ್ಲಾಪಿಲ್ಲಿ ಆತು."