ಅಹವಾಲಿನ ದಿನ ಟ್ಯಾಂಕರ್ ಬಂತು

ಅಫಜಲಪುರದ ಕಡೆಯಿಂದ ಬಂದ ಶರಣಬಸಮ್ಮ ಪರರಾಜ್ಯದ ಮಹಾನಗರದಂಚಿನ ತುರ್ಭೆಯಲ್ಲಿ, ಗುಡ್ಡದ ಬುಡದ ಗುಡಿಸಲುಗಳ ಬಸ್ತಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದಳು. ಗಂಡ ಜಟ್ಟೆಪ್ಪ ಕಲ್ಲುಗಣಿಯ ಕ್ರಷರಿನಲ್ಲಿ ಕೆಲಸಕ್ಕಿದ್ದ. ಗಣಿ ಗುಡ್ಡವನ್ನು ಒಂದು ಬದಿಯಿಂದ ತಿನ್ನುತ್ತಿತ್ತು. ಅವಳು ಇನ್ನೊಂದು ಬದಿಯ ಕಾಡಿನಿಂದ ಮನೆ ನಡೆಸುತ್ತಿದ್ದಳು. ನಸುಕಿನಲ್ಲಿ ಕಾಡಿನ ಸೆಲೆಯಿಂದ ಎರಡು ಕೊಡ ನೀರು, ಇನ್ನೊಮ್ಮೆ ಹತ್ತಿ ಒಂದು ಹೊರೆ ಪುರಳೆ, ಮಳೆಗಾಲದಲ್ಲಿ ಉಡಿ ತುಂಬ ತಗಚೆ ಸೊಪ್ಪು. ಆಮೇಲೆ ರೊಟ್ಟಿ ಬಡಿದಿಟ್ಟು ಪಕ್ಕದ ನೆರೂಳಿನ ಮೂರು ಮನೆಗಳ ಪಾತ್ರೆ. ಹೆಂಡತಿ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಜಟ್ಟೆಪ್ಪ, "ಮನ್ಯಾಗ ಇರ್ತಾಳ" ಅನ್ನುತ್ತಿದ್ದ.

೨೦೧೩ರ ಬೇಸಿಗೆಯಲ್ಲಿ ಗಣಿಯವರು ಸರ್ಕಾರದಿಂದ ಮೇಲಿನ ಕಾಡನ್ನೂ ಕೇಳಿದರು. ಸಿಡಿಮದ್ದಿನ ಏಟಿಗೆ ಸೆಲೆ ಆಗಲೇ ಸೊರಗಿತ್ತು. ಒಂದು ಕೊಡ ತುಂಬಲು ಅರ್ಧ ತಾಸು ಹಿಡಿಯುತ್ತಿತ್ತು. ಹೆಂಗಸರು ಗಲಾಟೆ ಮಾಡಿದ ಮೇಲೆ ಎರಡು ದಿನಕ್ಕೊಮ್ಮೆ ಸಂಜೆ ಕಂಪನಿಯ ಟ್ಯಾಂಕರ್ ಬರತೊಡಗಿತ್ತು. ಕಾಡು ಹೋದರೆ ಸೆಲೆ ಪೂರ್ತಿ ಬತ್ತುತ್ತದೆಂದು ಆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ಪಾತ್ರೆ ತೊಳೆಯುವ ಮನೆಗಳಲ್ಲಿ ಒಂದು ಉಡುಪಿ ಕಡೆಯ ರಮಿತಾಳದು. ಗುಡ್ಡ ಉಳಿಸಲು ಅರ್ಜಿ ಬರೆಯುವವರಲ್ಲಿ ರಮಿತಾ ಒಬ್ಬಳು. ಮುಂದಿನ ಗುರುವಾರ ಹನ್ನೊಂದಕ್ಕೆ ಶಾಲೆಯ ಹಾಲಿನಲ್ಲಿ ಸರ್ಕಾರದವರು ಜನರ ಅಹವಾಲು ಕೇಳುತ್ತಾರೆಂದು ಹೇಳಿದವಳು ಅವಳೇ.

"ಅಲ್ಲಿರುವ ನೀವೇ ಬರದಿದ್ರೆ ನಮ್ಮನ್ನು ವಾಕಿಂಗಿಗೆ ಬರುವವರು ಅಂತಾರೆ ಮಾರಾಯ್ತಿ. ಮೂವತ್ತು ಹೆಂಗಸರಾದ್ರೂ ಬೇಕು."

"ಕರ್ಕೊಂಡ್ ಬರ್ತೀನ್ರಿ ಅಕ್ಕಾರ. ಅವತ್ತ ನಿಮ್ಮ ಭಾಂಡಿ?"

"ಬೇಗ ಬಂದು ಮುಗಿಸಿ ಹೋಗ್ಲಿಕ್ಕೆ ಆಗ್ತದಾ?"

ಎಂಟು ದಿನ ಶರಣಬಸಮ್ಮ ಮನೆಮನೆ ತಿರುಗಿದಳು. ಬರುತ್ತೇನೆಂಬ ಮಾತಿಗಾಗಿ ಒಬ್ಬಳ ಕೂಸು ಹಿಡಿದಳು, ಇನ್ನೊಬ್ಬಳ ಕೌದಿ ಒಗೆದುಕೊಟ್ಟಳು. ಮೂವತ್ತನಾಲ್ಕು ಜನ ಒಪ್ಪಿದರು.

ಗುರುವಾರ ಹತ್ತೂವರೆಗೆ, ಎಲ್ಲರೂ ಒಗೆದ ಸೀರೆಯುಟ್ಟು ಹೊರಟು ನಿಂತಾಗ, ಟ್ಯಾಂಕರ್ ಹಾರ್ನ್ ಹೊಡೆಯುತ್ತ ಬಂತು. ಸಂಜೆಯ ಟ್ಯಾಂಕರ್.

ಬಸ್ತಿಯಲ್ಲಿ ಸಾಲಿಗೆ ನಿಲ್ಲುವುದು ಕೊಡಗಳು. ಒಡತಿ ಎಲ್ಲಿದ್ದರೂ ಅವಳ ಕೊಡವನ್ನು ಯಾರೂ ದಾಟುವುದಿಲ್ಲ. ಆದರೆ ಪೈಪು ಬಿಟ್ಟಾಗ ಅವಳು ಎದುರಿಗಿರಬೇಕು. ಇಲ್ಲದಿದ್ದರೆ ಕೊಡ ಪಕ್ಕಕ್ಕೆ ಸರಿಯುತ್ತದೆ.

ಪಕ್ಕದ ಮನೆಯ ಮರಗಮ್ಮ ಸೆರಗು ಸಿಕ್ಕಿಸಿದಳು. "ನೀ ಹೋಗವ್ವ. ನಿನ್ನೊಬ್ಬಾಕಿ ಕೊಡ ಹ್ಯಾಂಗರ ಮಾಡಿ ನಾ ತುಂಬತೀನಿ."

"ಇವತ್ತೇ ಯಾಕ ಈ ಹೊತ್ತಿಗೆ ಬಂತು, ತಿಳೀವಲ್ದೇನ್ ನಿನಗ?"

"ತಿಳೀತದ. ತಿಳದ್ರ ಬ್ಯಾಳಿ ಬೇಯ್ತದೇನು? ಶನಿವಾರ ತನಕ ಮಕ್ಕಳಿಗೆ ಏನ್ ಕುಡಿಸ್ಲಿ?"

ಶರಣಬಸಮ್ಮ ಒಬ್ಬಳೇ ಹೋದಳು.

ಹಾಲಿನಲ್ಲಿ ರಮಿತಾಳ ಕಡೆಯ ಹತ್ತು ಜನರಿದ್ದರು. ಉಳಿದ ಬೆಂಚುಗಳ ತುಂಬ ಗಣಿಯ ಲಾರಿಯಲ್ಲಿ ಬಂದ ಗಂಡಸರು. ಗಣಿ ಬೇಕೆನ್ನುವವರು ಯಾರೆಂದು ಸರ್ಕಾರದ ಅಧಿಕಾರಿ ಕೇಳಿದಾಗ ಆ ಬೆಂಚುಗಳ ಎಲ್ಲ ಕೈಗಳೂ ಮೇಲೆದ್ದವು. ಅವರ ನಡುವೆ ಕೂತ ಜಟ್ಟೆಪ್ಪ ತನ್ನ ಚಪ್ಪಲಿ ನೋಡುತ್ತ ಕೈಯೆತ್ತಿದ.

ಶರಣಬಸಮ್ಮ ಎದ್ದು ಸೆಲೆಯ ವಿಷಯ ಹೇಳಿದಳು, ಬರುವಷ್ಟು ಹಿಂದಿಯಲ್ಲಿ. ಈಗ ನೀರು ಕೊಡುವವರು ಯಾರೆಂದು ಅಧಿಕಾರಿ ಕೇಳಿದ.

"ಕಂಪನೀವಾಲೆ." ಇದ್ದದ್ದನ್ನೇ ಹೇಳಿದಳು.

ಗುಮಾಸ್ತ ಬರೆದುಕೊಂಡು ಓದಿದ: ಕಂಪನಿ ನೀರು ಒದಗಿಸುತ್ತಿದೆಯೆಂದು ಬಸ್ತಿಯ ಮಹಿಳೆ ತಿಳಿಸಿದ್ದಾರೆ. ಬಸ್ತಿಯ ಬೇರೆ ಮಹಿಳೆಯರ ಆಕ್ಷೇಪಣೆ ಇಲ್ಲ.

"ಮೈ ಐಸಾ ನಹೀ ಬೋಲಿ, ಸಾಬ್." ತಾನು ಹಾಗೆ ಹೇಳಿಲ್ಲವೆಂದಳು.

"ದೇತೇ ಹೈ ಕಿ ನಹೀ?" ಕೊಡುತ್ತಾರೋ ಇಲ್ಲವೋ, ಅಷ್ಟು ಹೇಳು ಅಂದ ಅಧಿಕಾರಿ.

"ದೇತೇ ಹೈ, ಲೇಕಿನ್..."

"ಬಸ್."

ರಮಿತಾ ಎದ್ದು ಇಂಗ್ಲಿಷಿನಲ್ಲಿ ವಾದಿಸಿದಳು. ನಿಮ್ಮ ಹೇಳಿಕೆ ಆಗಲೇ ಮುಗಿದಿದೆ, ಕೂತುಕೊಳ್ಳಿ ಎಂದರು. ಗುಮಾಸ್ತ ಬರೆದದ್ದಕ್ಕೆ ಶರಣಬಸಮ್ಮ ರುಜು ಹಾಕಲಿಲ್ಲ. ಹಾಕಲೊಲ್ಲಳು ಎಂದೂ ಗುಮಾಸ್ತ ಬರೆದುಕೊಂಡ.

ಜನ ಕರಗಿದರು. ಅವಳು ಬೆಂಚಿನಿಂದ ಏಳಲಿಲ್ಲ. ಜಟ್ಟೆಪ್ಪ ಹತ್ತಿರ ಬಂದ. "ಏಳ. ಮನ್ಯಾಗ ರೊಟ್ಟಿ ಆಗಿಲ್ಲ."

"ಬರದದ್ದು ಹೊಡದು ಹಾಕಲಿ, ಆಮ್ಯಾಗ ಏಳ್ತೀನಿ."

"ಹಸಿವ್ಯಾಗ್ಯದ ಅಂದ್ರ..."

"ಕೈ ಎತ್ತಿದ್ಯಲ್ಲ, ಆ ಕೈಲೇ ಬಡಕೊ ಹೋಗು."

ಅವನು ನಿಂತೇ ಇದ್ದ. ಗುಮಾಸ್ತ ಕಾಗದಗಳನ್ನು ಚೀಲಕ್ಕೆ ಹಾಕಿ ಮೆಟ್ಟಿಲಿಳಿದ. ಹೊರಗೆ ಜೀಪು ಶುರುವಾಯಿತು. ಶಾಲೆಯ ಸಿಪಾಯಿ ಒಂದೊಂದೇ ಬೆಂಚು ಎಳೆಯುತ್ತ ಅವಳು ಕೂತ ಬೆಂಚಿನ ತನಕ ಬಂದ. ಅವಳು ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.